ಅಲಾರಂಗೆ ಏಳದವರು ಸೋಮಾರಿಗಳಲ್ಲ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳು)



ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಉಪಯೋಗವಾಗುವ ನಾಲ್ಕು ಮಾತು ಹೇಳಿ ಎಂದಿದ್ದಾರೆ. ನಾನು ಬೆಳಗಿನ ಅಲಾರಂ ಬಗ್ಗೆ ಹೇಳುತ್ತೇನೆ. ಓದಲು 5 ಗಂಟೆಗೆ ಅಲಾರಂ ಇಟ್ಟು, ಏಳಲಾಗದೆ, ಮನೆಯಲ್ಲಿ ‘ಸೋಮಾರಿ’ ಎಂದು ಬೈಸಿಕೊಳ್ಳುವವರು ನಿಮ್ಮಲ್ಲಿ ಅನೇಕರಿರಬಹುದು.

ಅಮೆರಿಕದ ಒಹಾಯೋ ರಾಜ್ಯದ ಮಕ್ಕಳ ಆಸ್ಪತ್ರೆಯ ಸಂಶೋಧಕರು 5ರಿಂದ 12 ವರ್ಷದ 176 ಮಕ್ಕಳ ಮೇಲೆ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಗಾಢ ನಿದ್ರೆಯಲ್ಲಿದ್ದಾಗ ಬೆಂಕಿ ಎಚ್ಚರಿಕೆಯ ಕೀಚಲು ಸದ್ದಿಗೆ ಎದ್ದವರು 100ಕ್ಕೆ 53 ಮಾತ್ರ. ಮುದ್ರಿಸಿದ ತಾಯಿಯ ಧ್ವನಿಗೆ ಎದ್ದವರು ಸುಮಾರು 90! ಕಿವಿ ಗಡಚಿಕ್ಕುವ ಸದ್ದಿಗೂ ಮಗು ಏಳದಿದ್ದರೆ ಅದು ಸೋಮಾರಿತನವಲ್ಲ, ನಿದ್ರೆಯ ಆಳ.

ಆದ್ದರಿಂದ ಮಕ್ಕಳೇ, ಅಮ್ಮನ ಧ್ವನಿಯನ್ನೇ ಫೋನಿನಲ್ಲಿ ಮುದ್ರಿಸಿ ಅಲಾರಂ ಮಾಡಿಕೊಳ್ಳಿ. ಫೋನನ್ನು ದಿಂಬಿನ ಕೆಳಗಿಡದೆ, ಎದ್ದು ನಾಲ್ಕು ಹೆಜ್ಜೆ ನಡೆಯಬೇಕಾದ ಕಡೆ ಇಡಿ. ಎಚ್ಚರವಾದ ಮೇಲೂ ಮಿದುಳಿನ ಮಂಪರು ಸ್ವಲ್ಪ ಹೊತ್ತು ಇರುತ್ತದೆ. ಆಗ ಕೈ ತಾನಾಗಿಯೇ ಗುಂಡಿ ಒತ್ತಿಬಿಡುತ್ತದೆ. ಎದ್ದ ಕೂಡಲೇ ದೀಪ ಹಾಕಿ, ಮುಖ ತೊಳೆಯಿರಿ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ರಾತ್ರಿ ಸರ್ವರ್ ನಿಂತರೆ ಸರದಿಯಲ್ಲಿರುವವರ ಫೋನು ಬಡಿದುಕೊಳ್ಳುತ್ತದೆ. ಅವರು ಎತ್ತದಿದ್ದರೆ ಕರೆ ಮುಂದಿನವರಿಗೆ ಹೋಗುತ್ತದೆ. ಒಂದೇ ಸದ್ದನ್ನು ನಂಬಿ ಯಾರೂ ಕೂರುವುದಿಲ್ಲ. ನೀವೂ ಮೂವರು ಗೆಳೆಯರು ಸೇರಿ ಹೀಗೆ ಮಾಡಬಹುದು. ಮೊದಲು ಎದ್ದವರು ಉಳಿದಿಬ್ಬರಿಗೆ ಫೋನ್ ಮಾಡಲಿ. ಪಕ್ಕದ ಮನೆಯಾದರೆ ಬಾಗಿಲು ತಟ್ಟಲಿ.

ಇನ್ನು ಪೋಷಕರಲ್ಲಿ ಒಂದು ವಿನಂತಿ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೂ ಹಿಂದೆ ಸರಿದು, ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ. 5ಕ್ಕೆ ಏಳಬೇಕಾದರೆ 9ಕ್ಕೆ ಮಲಗಿರಬೇಕು. 9 ಗಂಟೆಗೆ ಮನೆಯ ಟಿ.ವಿ. ಆರಿಸುವವರು ನೀವು. 11ಕ್ಕೆ ಮಲಗಿದ ಮಗುವನ್ನು 5ಕ್ಕೆ ಎಬ್ಬಿಸಿ ಪುಸ್ತಕದ ಮುಂದೆ ಕೂರಿಸಬಹುದು. ಓದಿದ್ದು ತಲೆಯಲ್ಲಿ ನಿಲ್ಲಲು ಬೇಕಾದ ನಿದ್ರೆಯನ್ನು ಯಾವ ಅಲಾರಮ್ಮೂ ತಂದುಕೊಡಲಾರದು. ಅಲಾರಂ ಕೆಲಸ ಮಾಡುವುದು ಬೆಳಿಗ್ಗೆ. ಅದನ್ನು ಗೆಲ್ಲಿಸುವುದು ಹಿಂದಿನ ರಾತ್ರಿ.

ನನಗೆ ಅಕ್ಷರ ಕೊಟ್ಟ ಈ ಶಾಲೆಗೆ 50 ತುಂಬಿದೆ. ಇಲ್ಲಿನ ಮಕ್ಕಳು ಚೆನ್ನಾಗಿ ನಿದ್ರೆ ಮಾಡಲಿ, ಚೆನ್ನಾಗಿ ಓದಲಿ ಎಂದು ಹಾರೈಸುತ್ತಾ ನನ್ನ ಮಾತು ಮುಗಿಸುತ್ತೇನೆ.