ಘಾತ ಋಣವಾದರೆ ಗಾಬರಿ ಏಕೆ?

ಊರಿನ ಕನ್ನಡ ಶಾಲೆಯಲ್ಲಿ ಓದಿದ ನಿಮ್ಮ ಮುಂದೆ ಮಗಳು ಇಂಗ್ಲಿಷ್ ಗಣಿತ ಪುಸ್ತಕ ತೆರೆದಿಟ್ಟು "ಅಪ್ಪಾ, ನೆಗೆಟಿವ್ ಎಕ್ಸ್‌ಪೊನೆಂಟ್ ಹೇಳಿಕೊಡು" ಎಂದರೆ ಗಾಬರಿ ಬೇಡ. ನೀವು ಕಲಿತ ಋಣ ಘಾತವೇ ಅದು.

2ರ ಘನ 8, ವರ್ಗ 4, ಘಾತ 1 ಆದರೆ 2, ಘಾತ ಸೊನ್ನೆಯಾದರೆ 1. ಮೆಟ್ಟಿಲಿಗೊಮ್ಮೆ ಬೆಲೆ ಅರ್ಧವಾಗುತ್ತಿದೆ. ಇನ್ನೊಂದು ಮೆಟ್ಟಿಲು ಇಳಿಯಿರಿ: ಘಾತ ಋಣ 1 ಎಂದರೆ ಅರ್ಧ. ಋಣ ಎಂದಾಕ್ಷಣ ಸಂಖ್ಯೆ ಸಾಲಗಾರನಾಗುವುದಿಲ್ಲ, ಛೇದಕ್ಕೆ ಇಳಿಯುತ್ತದೆ, ಅಷ್ಟೇ.

ಎಡವುವುದು ಕೂಡಿಸುವಾಗ. 2ರ ಘಾತ ಋಣ 1ಕ್ಕೆ 3ರ ಘಾತ ಋಣ 1 ಸೇರಿಸು ಎಂದರೆ ಮಕ್ಕಳು ಥಟ್ಟನೆ 5ರ ಘಾತ ಋಣ 1 ಎಂದುಬಿಡುತ್ತಾರೆ. ಬಯ್ಯಬೇಡಿ, ನೀರಿನ ಟ್ಯಾಂಕ್ ತೋರಿಸಿ. ಒಂದು ನಲ್ಲಿ ಅದನ್ನು 2 ಗಂಟೆಯಲ್ಲಿ ತುಂಬುತ್ತದೆ, ಇನ್ನೊಂದು 3 ಗಂಟೆಯಲ್ಲಿ. ಗಂಟೆಗೆ ಟ್ಯಾಂಕಿನ 1/2 ಭಾಗ ಇದರಿಂದ, 1/3 ಭಾಗ ಅದರಿಂದ. ಲ.ಸಾ.ಅ. 6, ಮೊತ್ತ 5/6. ಎರಡನ್ನೂ ಬಿಟ್ಟರೆ ತುಂಬಲು 6/5 ಗಂಟೆ, ಅಂದರೆ 1 ಗಂಟೆ 12 ನಿಮಿಷ. ಮಗುವಿನ ಲೆಕ್ಕದಂತೆ 5 ಗಂಟೆ! ಎರಡು ನಲ್ಲಿ ಸೇರಿ ಒಂದಕ್ಕಿಂತ ನಿಧಾನವೇ? ಬೆಳಿಗ್ಗೆ ಒಂದೂವರೆ ಗಂಟೆ ಮಾತ್ರ ನೀರು ಬರುವ ಕಟ್ಟಡದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಅಕ್ಷರ ಬಂದರೂ ದಾರಿ ಇದೇ. 3 ಎಕ್ಸ್ ಘಾತ ಋಣ 1, ಅದಕ್ಕೆ 2 ಎಕ್ಸ್ ಘಾತ ಋಣ 2 ಕೂಡಿಸಬೇಕು ಎನ್ನಿ. ಘಾತ ಇರುವುದು ಎಕ್ಸ್‌ನ ತಲೆಯ ಮೇಲೆ ಮಾತ್ರ. 3 ಕೆಳಗಿಳಿಯದು, ಅಂಶದಲ್ಲೇ ಉಳಿಯುತ್ತದೆ. ಒಂದರ ಛೇದ ಎಕ್ಸ್, ಇನ್ನೊಂದರದ್ದು ಎಕ್ಸ್ ವರ್ಗ. ಲ.ಸಾ.ಅ. ಎಕ್ಸ್ ವರ್ಗವೇ ಸಾಕು, ಘನದವರೆಗೆ ಹೋಗಬೇಡಿ. (ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ಈ ಲ.ಸಾ.ಅ.ವನ್ನು 'ನಿರುದ್ಧ' ಎಂದು ಕರೆದಿದ್ದ.) ಮೊದಲನೆಯದರ ಅಂಶ, ಛೇದ ಎರಡನ್ನೂ ಎಕ್ಸ್‌ನಿಂದ ಗುಣಿಸಿ. ಉತ್ತರದ ಅಂಶ 3 ಎಕ್ಸ್ ಅಧಿಕ 2, ಛೇದ ಎಕ್ಸ್ ವರ್ಗ. ಎಕ್ಸ್ ಬದಲು 2 ಹಾಕಿ ತಾಳೆ ನೋಡಿ: ಅತ್ತ ಒಂದೂವರೆಗೆ ಅರ್ಧ ಸೇರಿ 2, ಇತ್ತ 8ನ್ನು 4ರಿಂದ ಭಾಗಿಸಿದರೆ 2.

ನಲ್ಲಿ ಲೆಕ್ಕ ಹೊಸದಲ್ಲ. ಭಾಸ್ಕರಾಚಾರ್ಯರ 'ಲೀಲಾವತಿ'ಯಲ್ಲಿ ನಾಲ್ಕು ಬುಗ್ಗೆಗಳು ಒಂದು ಕೊಳವನ್ನು ಬೇರೆಬೇರೆಯಾಗಿ 1 ದಿನ, 1/2 ದಿನ, 1/3 ದಿನ, 1/6 ದಿನದಲ್ಲಿ ತುಂಬುತ್ತವೆ. ಋಣ ಘಾತದ ಬರವಣಿಗೆ ಅಲ್ಲಿಲ್ಲ, ಲೆಕ್ಕದ ಹೂರಣ ಇದೇ. ನಾಲ್ಕನ್ನೂ ಒಟ್ಟಿಗೆ ಬಿಟ್ಟರೆ? ರಾತ್ರಿ ಊಟದ ಹೊತ್ತಿಗೆ ಮಕ್ಕಳನ್ನು ಕೇಳಿ. ಉತ್ತರ 2 ಗಂಟೆ.