ಹಾಲು ಬತ್ತಿದ ಮೇಕೆಯ ಸೇವೆ



ಇಂದು ದಾಸೋಹವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ನಿಮ್ಮೆಲ್ಲರ ಅಪೇಕ್ಷೆ. ದಾಸೋಹವೆಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ದೊಡ್ಡ ದೊಡ್ಡ ಕೊಪ್ಪರಿಗೆಗಳು, ಊಟದ ಪಂಕ್ತಿಗಳು. ನಾವು ಇಂದು ಅದನ್ನು ಬದಿಗಿಟ್ಟು ಒಂದು ಮುದಿ ಮೇಕೆಯ ವಿಚಾರವನ್ನು ಹೇಳುತ್ತೇವೆ. ನಗಬೇಡಿ. ದಾಸೋಹದ ಒಂದು ಪಾಠವನ್ನು ನಮಗೆ ಕಲಿಸಿದ್ದು ಆ ಮೇಕೆ. ಕಲಿಯುವುದಕ್ಕೆ ಮುಂಚೆ ನಾವು ತಪ್ಪನ್ನೂ ಮಾಡಿದೆವು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಇದು ಮಳೆಯನ್ನು ಕಾದು ಕುಳಿತಿರುವ ಸೀಮೆ. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಇಂಥ ನೆಲದಲ್ಲಿ ಹಸು ಕಟ್ಟಲಾರದವನು ಮೇಕೆ ಕಟ್ಟುತ್ತಾನೆ. ಬೇಲಿಯ ಜಾಲಿ, ಬಾರೆ, ಸಿಕ್ಕಿದ ಸೊಪ್ಪನ್ನೆಲ್ಲ ತಿಂದು ಅದು ಮಕ್ಕಳಿಗೆ ಹಾಲು ಕೊಡುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ನಿಮಗೆ ಗೊತ್ತು. ಅಂಥ ಆಡು ಯಾವ ಸೊಪ್ಪನ್ನೂ ಮುಟ್ಟದೆ ಮೂಲೆಯಲ್ಲಿ ಮಲಗಿತೆಂದರೆ ಅದರ ಕಷ್ಟ ಎಂಥದಿರಬೇಕು?

ಕೋಡಿ ಬಿದ್ದ ಆ ವರ್ಷವೇ ಹಿರಿಯೂರು ಕಡೆಯ ಒಬ್ಬ ಮುದುಕಿ ಮಠಕ್ಕೆ ಬಂದಳು. ಕೈಮುಗಿದು ನಿಂತು ಹೇಳಿದಳು: "ಬುದ್ಧಿ, ನಮ್ಮನೇಲಿ ಹನ್ನೆರಡು ವರ್ಷದ ಮೇಕೆ ಐತೆ. ನನ್ನ ಮೊಮ್ಮಗ ಅದರ ಹಾಲು ಕುಡಿದೇ ಬೆಳೆದಿದ್ದು. ಈಗ ನಾಕು ದಿನದಿಂದ ಮೇವು ಮುಟ್ಟಲ್ಲ, ಎದ್ದು ನಿಲ್ಲಲ್ಲ. ಸಾಯೋಕೆ ಮುಂಚೆ ಕೊಟ್ಟುಬಿಡೋಣ ಅಂತಾನೆ ಮಗ. ಹುಡುಗನ ಫೀಜು ಕಟ್ಟಬೇಕು. ಕೊಟ್ಟರೆ ಪಾಪ ಬರ್ತದಾ ಬುದ್ಧಿ?"

ನಾವು ಹಿಂದುಮುಂದು ನೋಡದೆ, "ಮಾರಬೇಡ ತಾಯಿ, ಸೇವೆ ಮಾಡು, ಶಿವ ನೋಡಿಕೊಳ್ಳುತ್ತಾನೆ" ಎಂದುಬಿಟ್ಟೆವು. ದಾಸೋಹದ ಮನೆಯಿಂದ ಅನ್ನವನ್ನೂ ಒಂದಿಷ್ಟು ರಾಗಿ ಹಿಟ್ಟನ್ನೂ ಕೊಡಿಸಿದೆವು. ದೊಡ್ಡ ಉಪಕಾರ ಮಾಡಿದೆವೆಂದು ನಮಗೂ ಸಮಾಧಾನವಾಯಿತು.

ಆ ತಾಯಿಗೆ ಮಠದ ಅನ್ನವೆಂದರೆ ಪ್ರಸಾದ. ಅದಕ್ಕೆ ಬೆಲ್ಲ ಕಲಸಿ ಹಸಿದ ಮೇಕೆಗೆ ಎರಡು ಬೋಗುಣಿ ತಿನ್ನಿಸಿದಳು. ಸಿಹಿಯ ಆಸೆಗೆ ಅದೂ ತಿಂದಿತು. ರಾತ್ರಿ ಹೊಟ್ಟೆ ಉಬ್ಬರಿಸಿತು. ಹಲ್ಲು ಕಡಿಯುತ್ತ ನರಳತೊಡಗಿತು. ಬೆಳಗ್ಗೆ ಮೊಮ್ಮಗ ಓಡಿಹೋಗಿ ಪಶುವೈದ್ಯರನ್ನು ಕರೆತಂದ. ಅವರು ಬಹಳ ಹೆಣಗಿ ಪ್ರಾಣ ಉಳಿಸಿದರು. ಆಮೇಲೆ ಮಠಕ್ಕೆ ಬಂದಾಗ ವಿನಯದಿಂದಲೇ ಹೇಳಿದರು: "ಬುದ್ಧಿ, ಪ್ರೀತಿಯಿಂದ ಕೊಟ್ಟ ಅನ್ನವೇ ಅದನ್ನು ಕೊಂದುಬಿಡುತ್ತಿತ್ತು." ಮೇಕೆಯ ದೊಡ್ಡ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳಿವೆ. ಸೊಪ್ಪುಸದೆಯನ್ನು ಅರಗಿಸುವುದು ಅವುಗಳ ಕಾಯಕ. ಒಮ್ಮೆಲೇ ಅನ್ನ, ಹಿಟ್ಟು, ಬೆಲ್ಲ ಸುರಿದರೆ ಹೊಟ್ಟೆಯೆಲ್ಲ ಹುಳಿಯಾಗಿ, ಆ ಹುಳಿ ರಕ್ತಕ್ಕೂ ಏರುತ್ತದೆ.

ಬಂಧುಗಳೇ, ಆ ದಿನ ನಾವು ನಾಚಿದೆವು. ನಾವು ಕೊಟ್ಟದ್ದು ನಮ್ಮಲ್ಲಿ ಇದ್ದದ್ದನ್ನು, ಆ ಮೇಕೆಗೆ ಬೇಕಾದುದನ್ನಲ್ಲ. ಎದುರಿನ ಜೀವದ ಹಸಿವು ಯಾವುದೆಂದು ತಿಳಿಯದೆ ಮಾಡುವ ದಾಸೋಹ ಬರೀ ನಮ್ಮ ಮನಸ್ಸಿನ ತೃಪ್ತಿ.

ಎರಡನೆಯ ಪಾಠ ಹೇಳಿದವನು ಆ ತಾಯಿಯ ಮಗ. ಅವನು ಕೆಟ್ಟವನಲ್ಲ, ಕೂಲಿ ಮಾಡಿ ಸಂಸಾರ ಸಾಕುವವನು. "ಮಾರಬೇಡಿ ಅಂತ ಅಪ್ಪಣೆ ಮಾಡಿದಿರಿ ಬುದ್ಧಿ. ಕೂಲಿ ಬಿಟ್ಟು ಮೇಕೆ ಮುಂದೆ ಕೂರೋರು ಯಾರು? ಫೀಜು ಕಟ್ಟೋರು ಯಾರು?" ಎಂದು ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ. ಬಡವನಿಗೆ ದಯೆಯನ್ನು ಬೋಧಿಸಿ, ಅದರ ಖರ್ಚನ್ನು ಅವನೊಬ್ಬನ ತಲೆಯ ಮೇಲೆ ಹೊರಿಸುವುದು ಯಾವ ಧರ್ಮ? ಹುಡುಗನ ಫೀಜನ್ನು ಮಠದಿಂದ ಕಟ್ಟಿಸಿದೆವು. ಆ ಊರಿನ ನಾಲ್ಕು ಮನೆಯವರು ದಿನಕ್ಕೊಬ್ಬರಂತೆ ಸೊಪ್ಪು ತಂದುಕೊಡಲು ಒಪ್ಪಿಕೊಂಡರು. ಆಮೇಲೆ ಅದು ನಿಜವಾದ ಸೇವೆಯಾಯಿತು.

ವೈದ್ಯರು ಹೇಳಿಕೊಟ್ಟದ್ದನ್ನು ನೀವೂ ನೆನಪಿನಲ್ಲಿಡಿ. ಆಡಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ. ಕೆಳಗಿನ ಎಂಟು ಹಲ್ಲು ವಯಸ್ಸಾದಂತೆ ಸವೆದು ಬೀಳುತ್ತವೆ. ಆದುದರಿಂದ ಮುದಿ ಮೇಕೆಗೆ ಅಗಸೆ, ಅತ್ತಿ, ಹಲಸಿನಂಥ ಎಲೆಗಳನ್ನು ಸಣ್ಣಗೆ ಹೆಚ್ಚಿ, ಸ್ವಲ್ಪ ಸ್ವಲ್ಪವಾಗಿ ಬಾಯ ಬಳಿ ಹಿಡಿಯಬೇಕು. ಉಗುರುಬೆಚ್ಚಗಿನ ನೀರಿಡಬೇಕು. ಎಡ ಪಕ್ಕೆಯ ಮೇಲೆ ಅಂಗೈ ಇಟ್ಟು ನೋಡಿರಿ. ಆರೋಗ್ಯವಿದ್ದರೆ ನಿಮಿಷಕ್ಕೆ ಒಂದೆರಡು ಸಲ ಹೊಟ್ಟೆ ಹೊರಳುವುದು ತಿಳಿಯುತ್ತದೆ. ಮೆಲುಕು ಹಾಕಿದರೆ ಅರ್ಧ ಗೆದ್ದಂತೆ. ಕೆಳಗಿನ ಕಣ್ಣರೆಪ್ಪೆಯ ಒಳಭಾಗ ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ, ಹೊಟ್ಟೆಯ ಹುಳು ಅದನ್ನು ಹೀರುತ್ತಿರಬಹುದು.

ಮೇಲೇಳಲಾರದ ಮೇಕೆಯನ್ನು ಪಕ್ಕಕ್ಕೆ ಚಾಚಿ ಮಲಗಲು ಬಿಡಬಾರದು. ಹೊಟ್ಟೆಯ ಗಾಳಿ ಹೊರಗೆ ಬರುವುದಿಲ್ಲ. ಎರಡೂ ಕಡೆ ಹುಲ್ಲು ತುಂಬಿದ ಗೋಣಿಚೀಲ ಒತ್ತಿಟ್ಟು, ಎದೆಯ ಮೇಲೆ ಕೂರಿಸಬೇಕು. ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಾಸಿಗೆ ಒಣಗಿರಬೇಕು. ಮೇಕೆಯ ಮೈಶಾಖ ಮನುಷ್ಯರಿಗಿಂತ ಹೆಚ್ಚು, 102ರಿಂದ 103 ಡಿಗ್ರಿ ಫ್ಯಾರನ್‌ಹೀಟ್. ಅದು 100ಕ್ಕಿಂತ ಕೆಳಗಿಳಿದರೆ ಜ್ವರಕ್ಕಿಂತಲೂ ಅಪಾಯ. ಕಂಬಳಿ ಹೊದಿಸಿ, ಬಿಸಿನೀರಿನ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟು ಕೂಡಲೇ ವೈದ್ಯರನ್ನು ಕರೆಯಬೇಕು.

ಗೊಟ್ಟದಲ್ಲಿ ಔಷಧಿ ಹಾಕುವಾಗ ಮೂತಿಯನ್ನು ಆಕಾಶಕ್ಕೆ ಎತ್ತಬೇಡಿ. ಔಷಧಿ ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಬರುತ್ತದೆ. ನುಂಗಲಾರದ ಪ್ರಾಣಿಗೆ ಏನನ್ನೂ ಹುಯ್ಯಬೇಡಿ. ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡಬೇಡಿ. ಅಂಥದೇ ಒಂದು ಔಷಧಿ ಡೈಕ್ಲೋಫೆನಾಕ್. ಅದನ್ನು ಪಡೆದು ಸತ್ತ ದನಗಳ ಮಾಂಸ ತಿಂದು ನಮ್ಮ ದೇಶದ ರಣಹದ್ದುಗಳೇ ನಾಶವಾಗುವ ಸ್ಥಿತಿ ಬಂದು, 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ಸರ್ಕಾರ ನಿಲ್ಲಿಸಿತು. ಒಂದು ಜೀವಕ್ಕೆ ಮಾಡಿದ್ದು ಇನ್ನೊಂದು ಜೀವಕ್ಕೆ ಹೇಗೆ ತಟ್ಟುತ್ತದೆ, ನೋಡಿರಿ! ಈಗ 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಪಶು ಸಂಜೀವಿನಿ ವಾಹನ ಮನೆಯ ಬಾಗಿಲಿಗೇ ಬರುವ ಏರ್ಪಾಡಿದೆ. ಅದನ್ನು ಉಪಯೋಗಿಸಿಕೊಳ್ಳಿರಿ.

ಇನ್ನೊಂದು ಮಾತು. ಆಡು ಒಂಟಿಯಾಗಿ ಇರಲಾರದ ಪ್ರಾಣಿ. ಮೂಗು ಸೋರುವುದು, ಬಾಯಿ ಹುಣ್ಣು, ಭೇದಿ ಇದ್ದರೆ ಅಂಟುರೋಗವಿರಬಹುದು, ಬೇರೆ ಕಟ್ಟಲೇಬೇಕು. ಅಂಥದೇನೂ ಇಲ್ಲವಾದರೆ ಕಣ್ಣಿಗೆ ಕಾಣುವಂತೆ ಒಂದು ಮರಿಯನ್ನು ಹತ್ತಿರ ಕಟ್ಟಿರಿ. ಆ ಮೊಮ್ಮಗ ಹಾಗೆ ಕಟ್ಟಿದ. ಅಂದು ಸಂಜೆಯೇ ಮೇಕೆ ತಲೆಯೆತ್ತಿ ಎರಡು ಎಲೆ ಜಗಿಯಿತಂತೆ.

ಬಸವಣ್ಣನವರು ಬಲಿಗೆ ಹೋಗುವ ಹೋತಿಗಾಗಿ ಮರುಗಿ ವಚನ ಹೇಳಿದರು. ಕುರಿ ಕಾಯುತ್ತಿದ್ದ ವೀರಗೊಲ್ಲಾಳ ಕುರಿಯ ಹಿಕ್ಕೆಯಲ್ಲೇ ಲಿಂಗವನ್ನು ಕಂಡನೆಂದು ಶರಣರ ಕಥೆ ಹೇಳುತ್ತದೆ. ರೊಪ್ಪದಲ್ಲಿ ಶಿವನನ್ನು ಕಂಡ ಪರಂಪರೆ ನಮ್ಮದು. ಹಾಲು ಕೊಡುವಾಗ ಕಂಡ ಶಿವ ಹಾಲು ಬತ್ತಿದ ಮೇಲೆ ಎಲ್ಲಿ ಹೋಗುತ್ತಾನೆ?

ಹದಿನೆಂಟು ದಿನ ಕಳೆದ ಮೇಲೆ ಮೇಕೆ ಮತ್ತೆ ಕುಸಿಯಿತು. ಆ ತಾಯಿ ಪುನಃ ಬಂದು, "ಬುದ್ಧಿ, ಅದರ ಸಂಕಟ ನೋಡೋಕಾಗಲ್ಲ. ಸೂಜಿ ಹಾಕಿಸಿ ಬಿಡಿಸಿಬಿಡಲಾ?" ಎಂದಳು. ಈ ಸಲ ನಾವು ಅವಸರ ಮಾಡಲಿಲ್ಲ. ಗಾಂಧೀಜಿಯವರು 1919ರಿಂದ ಮೇಕೆಯ ಹಾಲನ್ನೇ ಕುಡಿದವರು. 1928ರಲ್ಲಿ ಅವರ ಸಾಬರಮತಿ ಆಶ್ರಮದಲ್ಲಿ ಒಂದು ಕರು ವಾಸಿಯಾಗದ ನೋವಿನಲ್ಲಿ ಒದ್ದಾಡುತ್ತಿತ್ತು. ಅವರು ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಅದರ ಪ್ರಾಣ ಬಿಡಿಸಿದರು. ಅಹಿಂಸೆಯ ಮಹಾತ್ಮರು ಹೀಗೆ ಮಾಡಬಹುದೆ ಎಂದು ಬಹಳ ಜನ ಸಿಟ್ಟಾದರು. ತಾವು ಮಾಡಿದ್ದೂ ಅಹಿಂಸೆಯೇ ಎಂದು ಅವರು ಪತ್ರಿಕೆಯಲ್ಲಿ ಬರೆದರು. ಎಲ್ಲರೂ ಹಾಗೆಯೇ ಮಾಡಿರೆಂದು ನಾವು ಹೇಳುವುದಿಲ್ಲ, ಮಾಡಿದವರು ಪಾಪಿಗಳೆಂದೂ ಹೇಳುವುದಿಲ್ಲ. "ತಾಯಿ, ತೀರಬೇಕಾದ್ದು ಅದರ ನೋವೋ, ನಮ್ಮ ಬೇಸರವೋ? ಇದನ್ನು ನಿನ್ನ ಮನಸ್ಸನ್ನು ಕೇಳಿಕೋ. ನೋವು ತಗ್ಗುವ ದಾರಿ ಉಂಟೋ ಇಲ್ಲವೋ ವೈದ್ಯರನ್ನು ಕೇಳು" ಎಂದಷ್ಟೇ ಹೇಳಿದೆವು. ವೈದ್ಯರು ನೋವಿಗೆ ಮದ್ದು ಕೊಟ್ಟರು. ಮೂರನೆಯ ದಿನ ಬೆಳಗಿನ ಜಾವ, ಹುಡುಗ ಕೈಯಲ್ಲಿ ತಲೆ ಹಿಡಿದಿರುವಾಗಲೇ, ಮೇಕೆ ಶಾಂತವಾಗಿ ಪ್ರಾಣ ಬಿಟ್ಟಿತು. ಮಾರಬೇಕೆಂದಿದ್ದ ಮಗನೇ ಹೊಲದ ಬದುವಿನಲ್ಲಿ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಮಣ್ಣು ಮಾಡಿದ.

ಬಂಧುಗಳೇ, ಆ ಮೇಕೆ ಉಳಿಯಲಿಲ್ಲ. ಆದರೆ ಆ ಹುಡುಗ ಒಂದು ಜೀವದ ಮಗ್ಗುಲು ಬದಲಿಸುವುದನ್ನು, ಹಾಸಿಗೆ ಒಣಗಿಸುವುದನ್ನು, ಬಾಯಿಗೆ ನೀರು ಹಿಡಿಯುವುದನ್ನು ಕಲಿತ. ನಾಳೆ ಅವನ ಅಜ್ಜಿ ಮಲಗಿದರೆ ಅವನ ಕೈಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಮ್ಮ ನಿಮ್ಮ ಮನೆಗಳಲ್ಲೂ ಹಾಲು ಬತ್ತಿದ ಜೀವಗಳಿವೆ. ಇಂದು ಮನೆಗೆ ಹೋದ ಮೇಲೆ ಮೊದಲು ಅವರ ಹತ್ತಿರ ಕುಳಿತು, ಏನು ಬೇಕೆಂದು ಕೇಳಿ, ಆಮೇಲೆ ತಟ್ಟೆ ಇಡಿರಿ. ನೆರೆಮನೆಯಲ್ಲಿ ಯಾರಾದರೂ ಅಂಥ ಸೇವೆ ಮಾಡುತ್ತಿದ್ದರೆ ಉಪದೇಶ ಮಾಡಲು ಹೋಗಬೇಡಿ, ಒಂದು ಹೊರೆ ಸೊಪ್ಪು ಹೊತ್ತುಕೊಂಡು ಹೋಗಿರಿ.