ಹೊಲದ ಬದುವಿನ ಗದ್ದಿಗೆ ಯಾರದು?

ವಂಶದ ಮೂಲ ಹುಡುಕೋ ಮಾತು ಬಂದಾಗೆಲ್ಲ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ: "ನಮ್ಮಲ್ಲಿ ಸುಡ್ತಾರೆ, ಸಮಾಧಿ ಎಲ್ಲಿಂದ ಬರಬೇಕು?" ಈ ಮಾತು ನನಗೆ ಸುತರಾಂ ಒಪ್ಪಿಗೆಯಿಲ್ಲ. ಲಿಂಗಾಯತರು ಹೂಳ್ತಾರೆ. ಕುರುಬರಲ್ಲಿ, ಎಷ್ಟೋ ದಲಿತ ಸಮುದಾಯಗಳಲ್ಲಿ ಹೂಳೋದೇ ರೂಢಿ. ಮಣ್ಣು ಮಾಡಿದ ಮೂರನೇ ದಿನ ಹಾಲು-ತುಪ್ಪ ಬಿಡೋಕೆ ಹೋಗೋ ಮನೆಗಳು ಈ ನಾಡಲ್ಲಿ ಲೆಕ್ಕವಿಲ್ಲದಷ್ಟಿವೆ. ಕೆಲವು ಜಾತಿಗಳ ಪದ್ಧತಿಯನ್ನೇ ಇಡೀ ನಾಡಿನ ಪದ್ಧತಿ ಅಂದುಕೊಂಡಾಗ ಇಂಥ ಮಾತು ಹುಟ್ಟುತ್ತೆ.

ಈಗ ನನ್ನನ್ನ ಹಿಡಿದು ನಿಲ್ಲಿಸಿದ ಒಂದು ಗದ್ದಿಗೆ ವಿಷಯಕ್ಕೆ ಬರ್ತೀನಿ.

ನನ್ನ ತಾಯಿ ತವರು ಬಾಗಲಕೋಟೆ ಕಡೆ. ಅಲ್ಲಿ ಹೊಲದ ಬದುವಿಗೆ, ಬೇವಿನ ಮರದ ಕೆಳಗೆ ಮನೆಯವರ ಗದ್ದಿಗೆಗಳ ಸಾಲಿದೆ. ಕಲ್ಲು-ಮಣ್ಣಿನ ಕಟ್ಟೆ, ಬಳಿದ ಸುಣ್ಣ, ಮೇಲೊಂದು ಸಣ್ಣ ಲಿಂಗ. ಹೆಸರು ಯಾವುದರ ಮೇಲೂ ಇಲ್ಲ. ಆ ಮನೆಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರ್ತಿದ್ರು. ಎತ್ತಿನ ಮೇಲೆ ಬಂದು, ಪುಸ್ತಕ ಬಿಚ್ಚಿ, ಮೂಲಪುರುಷನಿಂದ ಹಿಡಿದು ಮನೆತನ ಹೇಳಿ, ಕಾಳು-ಕಡಿ ಇಸ್ಕೊಂಡು ಹೋಗ್ತಿದ್ರು. ಆ ಹೆಸರುಗಳನ್ನ ಒಂದೊಂದಾಗಿ ಗದ್ದಿಗೆಗೆ ಹೊಂದಿಸ್ತಾ ಹೋದ್ರೆ ಕೊನೆಗೆ ಒಂದು ಕಟ್ಟೆ ಮಿಕ್ಕುತ್ತೆ. ಬೇರೆಯವಕ್ಕಿಂತ ಗಿಡ್ಡ, ಸಾಲಿನಿಂದ ಸ್ವಲ್ಪ ಓರೆ. ಮಾವಂದಿರನ್ನ ಕೇಳಿದ್ರೆ "ಯಾರೋ ಹಿರಿಯರದು" ಅಂದ್ರು.

ಉತ್ತರ ಸಿಕ್ಕಿದ್ದು ಆ ಮನೆಯಲ್ಲಿ ಹುಟ್ಟಿ, ಬೇರೆ ಊರಿಗೆ ಮದುವೆಯಾಗಿ ಹೋಗಿದ್ದ ಮುದುಕಿಯಿಂದ. ನನ್ನ ತಾಯಿಗೆ ಅವರು ಸೋದರತ್ತೆ. "ಅದು ನಮ್ಮಪ್ಪನ ಅಕ್ಕಂದು. ಗಂಡ ತೀರಿಕೊಂಡ ಮ್ಯಾಲೆ ತವರಿಗೆ ಬಂದಾಕಿ. ಈ ಹೊಲ ದುಡದಾಕಿ ಆಕೀನ" ಅಂದ್ರು. ಎಳ್ಳಮಾಸಿಗೆ ಚರಗ ಚೆಲ್ಲೋಕೆ ಹೋದಾಗ ಅವರವ್ವ ಒಂದು ಸಜ್ಜಿ ಕಡಬು ಕೈಗಿಟ್ಟು, "ಆ ಕಟ್ಟಿ ಮ್ಯಾಲ ಇಟ್ಟು ಬಾ" ಅಂತಿದ್ಲಂತೆ. ಅದು ನೆನಪಲ್ಲಿ ಉಳಿದಿತ್ತು.

ಹೆಳವರ ಪುಸ್ತಕ ಹೆಚ್ಚಾಗಿ ಗಂಡುಮಕ್ಕಳ ಸಾಲು ಹಿಡಿದು ನಡೆಯುತ್ತೆ. ಪಹಣಿಯಲ್ಲಿ ಭೂಮಿ ಯಾರದೋ ಅವರ ಹೆಸರು. ಪೌತಿ ಖಾತೆಗೆ ಅಂತ ಮಾಡಿಸೋ ವಂಶವೃಕ್ಷದಲ್ಲೂ ಹೆಣ್ಣುಮಕ್ಕಳನ್ನ ಕೈಬಿಟ್ಟ ಮನೆಗಳು ಎಷ್ಟೋ. ಮೈ ಮುರಿದು ದುಡಿದ ಒಬ್ಬ ಹೆಣ್ಣುಮಗಳಿಗೆ ಇದ್ದ ಸಾಕ್ಷಿ ಆ ಗಿಡ್ಡ ಕಟ್ಟೆ ಒಂದೇ. ಸಮಾಧಿ ನೋಡಿ ಅಂತ ನಾನು ಹಠ ಹಿಡಿಯೋದು ಇದಕ್ಕೇ. ಕಾಗದದಲ್ಲಿ ಬಿಟ್ಟುಹೋದವರು ಅಲ್ಲಿರ್ತಾರೆ.

ಹಾಗಂತ ಹೆಳವರನ್ನ ಬಿಡಬೇಡಿ. ನಿಮ್ಮ ಹಿರಿಯರು ಯಾವ ಊರು ಬಿಟ್ಟು ಯಾವ ಊರಿಗೆ ಬಂದ್ರು ಅನ್ನೋದು ಅವರ ಹತ್ರ ಸಿಗುತ್ತೆ. ಅದು ಗೊತ್ತಾದ್ರೆ ಮುಂದೆ ಯಾವ ಊರಿನ ಮಸಣ ನೋಡಬೇಕು ಅನ್ನೋದೂ ಗೊತ್ತಾಗುತ್ತೆ. ಹಿರಿಯರು "ಧಾತು-ಈಶ್ವರ ಬರದಲ್ಲಿ ಬಂದವರು" ಅಂದ್ರೆ ಅದನ್ನ ಕೂಡಲೇ ಬರ್ಕೊಳ್ಳಿ. ಅದು 1876ರಿಂದ 78ರ ಬರ. ಇಸವಿ ಗೊತ್ತಿಲ್ಲದ ಕಟ್ಟೆಗಳಿಗೆ ಇಂಥ ಮಾತೇ ಕಾಲ ಕೊಡೋದು.

ಇನ್ನೊಂದು ತಕರಾರಿದೆ. "ನಮ್ಮ ಹೊಲದಲ್ಲಿ ವೀರಗಲ್ಲಿದೆ, ಆ ವೀರ ನಮ್ಮ ವಂಶದವನೇ" ಅನ್ನೋ ವಿಡಿಯೋಗಳು ಈಗ ಬಹಳ. ವೀರಗಲ್ಲು ಸತ್ತವನ ಸ್ಮಾರಕ. ಅವನನ್ನ ಅಲ್ಲೇ ಹೂಳಿದ್ದಾರೆ ಅಂತ ಅದರಿಂದ ಹೇಳೋಕೆ ಬರಲ್ಲ. ಸಾಮಾನ್ಯವಾಗಿ ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಕೈಲಾಸ, ಇಷ್ಟಿರುತ್ತೆ. ಎಷ್ಟೋ ಕಲ್ಲಿನ ಮೇಲೆ ಅಕ್ಷರವೇ ಇರಲ್ಲ. ಇದ್ರೂ ಏನು? ಬೆಂಗಳೂರಿನ ಹೆಬ್ಬಾಳದ ಕಿತ್ತಯ್ಯನ ಕಲ್ಲು 8ನೇ ಶತಮಾನದ್ದು, ಗಂಗರ ಶ್ರೀಪುರುಷನ ಕಾಲದ್ದು, ಹೆಸರೂ ಇದೆ. ಅಲ್ಲಿಂದ ಇವತ್ತಿನ ಯಾವ ಮನೆಗೂ ಗೆರೆ ಎಳೆಯೋಕೆ ದಾರಿಯಿಲ್ಲ. ಹೊಲ ಕೈ ಬದಲಾಗುತ್ತೆ, ಕಲ್ಲನ್ನ ಅರಳಿಕಟ್ಟೆಗೋ ಕೆರೆ ಏರಿಗೋ ಸಾಗಿಸಿರ್ತಾರೆ. ಅಕ್ಷರ ಕಂಡ್ರೆ ಮೊದಲು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಹುಡುಕಿ. ಶಾಸನತಜ್ಞ ಬಿ.ಎಲ್. ರೈಸ್ ಅವರು 1886ರಲ್ಲಿ ಮೊದಲ ಸಂಪುಟ ತಂದ ಶಾಸನಗಳ ಮಾಲೆ ಅದು.

ಉಳಿದಿದ್ದು ಬೇಗ ಹೇಳ್ತೀನಿ. ಊರಿನ ಮಸಣ ಎಲ್ಲಿತ್ತು ಅಂತ ಗ್ರಾಮ ನಕ್ಷೆಯಲ್ಲಿ ನೋಡಿ; ಪಹಣಿಯಲ್ಲಿ ಅಂಥ ಜಾಗ 'ಬ' ಖರಾಬು ಅಂತ ಇರುತ್ತೆ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲಲ್ಲಿ ಫೋಟೋ ತೆಗೀರಿ, ಸವೆದ ಕೆತ್ತನೆ ಆಗ ಕಾಣುತ್ತೆ. ಸುಣ್ಣ ಕೆರೆಯಬೇಡಿ, ಎಣ್ಣೆ ಹಚ್ಚಬೇಡಿ. ಅಜ್ಜನ ಹೆಸರೇ ಮೊಮ್ಮಗನಿಗೆ ಇಡೋದರಿಂದ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರು ಬರುತ್ತೆ, ಬೆಡಗು ಮತ್ತು ಮನೆದೇವರನ್ನ ಜೊತೆಗೇ ಬರ್ಕೊಳ್ಳಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ನಾಗರ ಪಂಚಮಿಗೆ ತವರಿಗೆ ಬರ್ತಾರಲ್ಲ, ಆಗ ಅವರಲ್ಲಿ ಎಲ್ಲರಿಗಿಂತ ಹಿರಿಯರನ್ನ ಹೊಲಕ್ಕೆ ಕರ್ಕೊಂಡು ಹೋಗಿ. ಒಂದೊಂದೇ ಕಟ್ಟೆ ಮುಂದೆ ನಿಲ್ಲಿಸಿ, ಇದು ಯಾರದು ಅಂತ ಕೇಳಿ.